ರೇಷ್ಮೆಹುಳುವಿಗೊಂದು ಮಡಿಕೆ

ಆಗ ನಮ್ಮ ಲ್ಯಾಬಿಗೆ ಕಂಪ್ಯೂಟರ್ ಸಿಗುತ್ತಿದ್ದದ್ದು ವಾರಕ್ಕೊಂದೇ ಸಲ. ಒಮ್ಮೆ ನಮ್ಮ ರೇಷ್ಮೆಹುಳುವಿನ ಡಿಎನ್‌ಎ ತುಣುಕೊಂದು ಜಪಾನಿನ ತಳಿಯದ್ದಕ್ಕೆ ಹೊಂದುತ್ತದೆಯೇ ಎಂದು ಮರುದಿನವೇ ನನ್ನ ಸಂಶೋಧನೆಗೆ ಗೈಡ್ ಆಗಿದ್ದ ಮೇಷ್ಟ್ರಿಗೆ ಹೇಳಬೇಕಿತ್ತು. ಎರಡರ ಎ, ಟಿ, ಜಿ, ಸಿ ಅಕ್ಷರಗಳನ್ನು ಉದ್ದನೆಯ ಕಾಗದದ ಪಟ್ಟಿಗಳಲ್ಲಿ ಬರೆದುಕೊಂಡು, ಮಾಗಡಿ ರಸ್ತೆಯ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ಅತ್ತಿತ್ತ ಜರುಗಿಸುತ್ತಿದ್ದೆ. ಮೊದಲರ್ಧ ಹೊಂದಿದರೆ ಉಳಿದರ್ಧ ಕೈಕೊಡುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ಹೆಂಗಸು ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಟೈಲರ್ ಅಂತೆ. ತುಂಬ ಹೊತ್ತು ನೋಡಿ, "ಯಾಕಮ್ಮಾ ಪಟ್ಟಿ ಪೂರ್ತಿ ಎಳೀತೀರ? ಚೆಕ್ಸ್ ಬಟ್ಟೆ ಹೊಂದದೇ ಇದ್ರೆ ನಾವು ಹೆಚ್ಚಾಗಿರೋ ಕಡೆ ಒಂದು ಮಡಿಕೆ ಹಾಕ್ತೀವಿ," ಎಂದರು.

"ಇದು ಬಟ್ಟೆ ಅಲ್ಲ ಕಣ್ರೀ," ಎಂದೆ, ಸ್ವಲ್ಪ ಗಡುಸಾಗಿಯೇ.

"ಕಾಗದ ಇನ್ನೂ ಸುಲಭ, ಕೊಡಿ ಇಲ್ಲಿ."

ಹೊಂದಿಕೆ ತಪ್ಪುತ್ತಿದ್ದ ಕಡೆ, ಮೂರು ಅಕ್ಷರ ಒಳಗೆ ಹೋಗುವಂತೆ ಒಂದು ಪಟ್ಟಿಯನ್ನು ಮಡಿಚಿದರು. ಉಳಿದದ್ದೆಲ್ಲ ಸಾಲಾಗಿ ಹೊಂದಿಕೊಂಡಿತು. ಅಷ್ಟರಲ್ಲಿ ಅವರ ಸ್ಟಾಪ್ ಬಂತು, ಇಳಿದು ಹೋದರು.

ಮರುದಿನ ಮೇಷ್ಟ್ರಿಗೆ ತೋರಿಸಿದರೆ, "ಕಂಪ್ಯೂಟರ್ ಹೇಳಲಿ, ನೋಡೋಣ," ಎಂದರು. ಮುಂದಿನ ವಾರ ಅದೂ ಅದೇ ಜಾಗದಲ್ಲಿ ಅದೇ ಮೂರು ಅಕ್ಷರ ಬಿಟ್ಟು ಹೊಂದಿಸಿತು.

ನಮ್ಮ ಪ್ರಬಂಧದ ಕೊನೆಯಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಕೃತಜ್ಞತೆ ಹೇಳಿದ್ದೇವೆ. ಆ ಹೆಂಗಸಿನ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.