ಸಡಿಲ ಗುಂಡಿಯ ಕಥೆ

ನಮ್ಮ ಚಿಕ್ಕಪ್ಪ ಟೇಪು ಮುಟ್ಟದ ದರ್ಜಿ. ಅಂಗಡಿಗೆ ಬಂದವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಕತ್ತರಿ ಎತ್ತಿಕೊಳ್ಳುತ್ತಿದ್ದರು. ಹಾಕಿ ನೋಡುವಾಗ ಬಿಗಿಯಾದರೆ ತಪ್ಪು ಮೈಯದ್ದು. "ಹೋದ ವಾರ ಹೀಗಿರಲಿಲ್ವಲ್ಲ ನೀವು!" ಎಂದು ಗಿರಾಕಿಯನ್ನೇ ದಬಾಯಿಸುತ್ತಿದ್ದರು. ಆಗ ಒಳಗಿಂದ ಚಿಕ್ಕಮ್ಮ ಬಂದು, "ಗುಂಡಿ ಸಡಿಲ ಇದೆ, ಇಲ್ಲಿ ಕೊಡಿ, ನಾಳೆ ಬನ್ನಿ," ಎಂದು ಬಟ್ಟೆ ಇಸಿದುಕೊಳ್ಳುತ್ತಿದ್ದರು. ಮರುದಿನ ಮೈಗೆ ಸರಿಯಾಗಿ ಕೂರುತ್ತಿತ್ತು. ದರ್ಜಿಯದು ಬಂಗಾರದ ಕೈ, ಹೆಂಡತಿಗೆ ಒಂದು ಗುಂಡಿ ಹಾಕಲು ಬಾರದು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು.

ವಯಸ್ಸಾಗಿ ಅವರು ಅಂಗಡಿ ಮುಚ್ಚಿದ ಮೇಲೆ ಈ ಕಣ್ಣಳತೆಯ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ನಾನೇ ಕ್ಯಾಮೆರಾ ಹೊತ್ತು ಹೋದೆ.

"ಮದುವೆಗೆ ಮುಂಚೆ ನಿನ್ನ ಚಿಕ್ಕಮ್ಮ ಕೋಟು ಹೊಲಿಸೋಕೆ ಬಂದಿದ್ಲು. ಒಂದೇ ಸಲ ನೋಡ್ದೆ. ಅಚ್ಚು ಹೊಯ್ದ ಹಾಗೆ ಕೂತ್ಕೊಳ್ತು!" ಎಂದರು ಚಿಕ್ಕಪ್ಪ. ಬೆಳಕು ಸಾಲದೆಂದು ಮತ್ತೆ ಹೇಳಿಸಿದೆ. ಈ ಸಲದ ಕಥೆಯಲ್ಲಿ ಕಿಟಕಿಯ ಗಾಜಿನಲ್ಲಿ ಅವಳ ನೆರಳನ್ನಷ್ಟೇ ನೋಡಿದ್ದರು. ಇನ್ನೊಮ್ಮೆ ಹೇಳಿಸಿದರೆ ಬರೀ ಹೆಜ್ಜೆ ಸದ್ದಿನಿಂದಲೇ ಅಳತೆ ಹಿಡಿದಿದ್ದರು. ನಾಲ್ಕನೆಯ ಸಲ ಕೇಳುವ ಧೈರ್ಯ ನನಗಾಗಲಿಲ್ಲ.

ಆ ಕೋಟನ್ನಾದರೂ ತೋರಿಸೋಣವೆಂದು ಅಡುಗೆಮನೆಗೆ ಹೋದರೆ ಚಿಕ್ಕಮ್ಮ ನನ್ನನ್ನು ಒಳಗೆಳೆದು ಬಾಗಿಲು ಹಾಕಿಕೊಂಡರು.

"ಕೋಟಿನ ಮಾತೇ ಬೇಡ ಕಣೆ. ಅದರ ಎರಡು ಅಂಚು ಎದೆ ಮೇಲೆ ಕೂಡ್ತಾನೇ ಇರಲಿಲ್ಲ. ಪಕ್ಕ ಬಿಚ್ಚಿ ನಾನೇ ಹೊಲ್ಕೊಂಡು, ಸರಿಯಾಗಿದೆ ಅಂದೆ. ಪಾಪ, ಅವರ ಮುಖ ಅಷ್ಟು ಅರಳಿತ್ತು."

"ಮತ್ತೆ ಗಿರಾಕಿಗಳ ಬಟ್ಟೆ?"

"ಗುಂಡಿ ನೆಪದಲ್ಲಿ ಎಲ್ಲಾ ನಾನೇ ಬಿಚ್ಚಿ ಹೊಲೀತಿದ್ದೆ. ನಿನ್ನ ಚಿಕ್ಕಪ್ಪಂಗೆ ಗೊತ್ತಾದ್ರೆ ಎದೆ ಒಡ್ಕೊಳ್ತಾರೆ. ಬಾಯಿ ಬಿಟ್ಟೀಯ, ಜೋಕೆ!"

ನನ್ನ ಚಿತ್ರದ ಬುಡಕ್ಕೇ ಕೊಡಲಿ ಬಿತ್ತು. ಸಿಟ್ಟೂ ಬಂತು. ಆದರೆ ಚಿಕ್ಕಮ್ಮನ ಮುಖ ನೋಡಿ, ಚಿತ್ರ ಹಾಳಾದರೂ ಸರಿ ಎಂದು ಬಾಯಿಗೆ ಬೀಗ ಹಾಕಿಕೊಂಡು ಹೊರಗೆ ಬಂದೆ. ಚಿಕ್ಕಪ್ಪ ತಾವೇ ಕಪಾಟಿನಿಂದ ಕೋಟು ತೆಗೆದು, ಒಳಮಗ್ಗುಲು ಹೊರಗೆ ಮಾಡಿ ತೊಡೆಯ ಮೇಲೆ ಹರಡಿಕೊಂಡಿದ್ದರು. ಚಿಕ್ಕಮ್ಮನ ಹೊಲಿಗೆ ಕಂಡುಬಿಡುತ್ತದೆಂದು ಕ್ಯಾಮೆರಾ ಆರಿಸಲು ಹೋದೆ.

"ಕ್ಯಾಮೆರಾ ಹತ್ತಿರ ತಾ. ಈ ಪಕ್ಕದ ಹೊಲಿಗೆ ನಂದಲ್ಲ. ಎಷ್ಟು ನೀಟಾಗಿದೆ ನೋಡು! ಇದನ್ನ ನೋಡಿಯೇ ಇವಳನ್ನ ಬಿಡಬಾರದು ಅಂತ ಮದುವೆಯಾದೆ."

"ನಿಮಗೆ ಗೊತ್ತಿತ್ತಾ?"

"ನನ್ನ ಹೊಲಿಗೆ ನನಗೆ ಗೊತ್ತಾಗಲ್ವಾ? ಆಮೇಲೆ ಎಲ್ಲರ ಬಟ್ಟೆಗೂ ಪಕ್ಕದಲ್ಲಿ ಎರಡು ಬೆರಳು ಜಾಸ್ತಿ ಬಿಟ್ಟೇ ಕತ್ತರಿಸ್ತಿದ್ದೆ. ಅವಳಿಗೆ ಬಿಚ್ಚಿ ಹೊಲಿಯೋಕೆ ಬೇಕಲ್ಲ."

"ಮತ್ತೆ ಒಂದು ಮಾತು ಹೇಳಲಿಲ್ಲ?"

"ಹೇಳಿದ್ರೆ ನೊಂದ್ಕೊಳ್ತಾಳೆ. ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ಲು, ಪಾಪ."

ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಚಿಕ್ಕಮ್ಮ. ಕಣ್ಣಲ್ಲಿ ನೀರು, ಕೈಯಲ್ಲಿ ಸೌಟು.

"ಊರವರ ಬಾಯಲ್ಲಿ ಸಡಿಲ ಗುಂಡಿಯೋಳು ಅನ್ನಿಸ್ಕೊಂಡೆನಲ್ಲ ರೀ!"

ಚಿಕ್ಕಪ್ಪ ಕೋಟಿನೊಳಗೆ ಮುಖ ಹುದುಗಿಸಿದರು. ಚಿಕ್ಕಮ್ಮ ಬಂದು, "ಸ್ವಲ್ಪ ಸರ್ಕೊಳ್ಳಿ," ಎಂದು ಅವರ ಪಕ್ಕದಲ್ಲೇ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು ಕ್ಯಾಮೆರಾ ಕಡೆ ನೋಡಿದರು.

"ಮೊದಲಿಂದ ಶುರು ಮಾಡು. ನನ್ನ ಗುಂಡಿ ಒಂದೂ ಸಡಿಲ ಇರಲಿಲ್ಲ, ಅದನ್ನ ಮೊದಲು ಹಾಕು."