ಕುಂಜುಮ್ ದಾರಿಯಲ್ಲಿ ಮಾನ್ವಿಯ ಕಂಡಕ್ಟರ್

ಉಮಾದೇವಿ ಇಪ್ಪತ್ತಾರು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ರಾಯಚೂರು, ಮಾನ್ವಿ, ದೇವದುರ್ಗ, ಜಾಲಹಳ್ಳಿ, ಮತ್ತೆ ರಾಯಚೂರು: ಇಷ್ಟರೊಳಗೇ ಅವಳ ದುಡಿಮೆ ಮುಗಿಯಿತು. ಮದುವೆಯಾಗಲಿಲ್ಲ. ದೇವದುರ್ಗದಲ್ಲಿದ್ದ ತಂದೆ ತೀರಿಕೊಂಡ ಮೇಲೆ ಮಾನ್ವಿಯಲ್ಲಿ ಒಂದು ಕೋಣೆಯ ಮನೆ ಮಾಡಿದಳು. ಮಾತಿಗೆ ಇದ್ದವಳೆಂದರೆ ಅದೇ ಡಿಪೋದ ಕಂಡಕ್ಟರ್ ವಾಹಿದಾ ಒಬ್ಬಳೇ.

ಊಟದ ಬಿಡುವಿನಲ್ಲಿ ಇಬ್ಬರೂ ವಾಹಿದಾಳ ಮೊಬೈಲಿನಲ್ಲಿ ಹಿಮಾಲಯದ ಬಸ್ಸುಗಳನ್ನು ನೋಡುತ್ತಿದ್ದರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ನಡುವೆ ತಮ್ಮದರಂಥದೇ ಒಂದು ಹಳೇ ಬಸ್ಸು.

"ನಿವೃತ್ತಿ ಆದ ಬ್ಯಾಸಿಗಿಗೆ ಹೋಗೂಣು ಬೇ," ಅನ್ನುತ್ತಿದ್ದಳು ವಾಹಿದಾ. "ನೀ ಕಿಟಕಿ ಕಡಿ, ನಾ ನಿನ್ನ ಬಾಜೂಕ."

ಆ ಬೇಸಿಗೆ ಬಂತು. ಹೊರಡಲು ನಾಲ್ಕು ದಿನ ಇದ್ದಾಗ ವಾಹಿದಾಳ ಮಗಳು ಆತಿಯಾಗೆ ತಿಂಗಳು ಮೊದಲೇ ಹೆರಿಗೆಯಾಯಿತು.

"ಮುಂದಿನ ವರ್ಷ ನೋಡೂಣು," ಅಂದಳು ವಾಹಿದಾ. ಉಮಾದೇವಿ ಹೂಂ ಅಂದು ಮನೆಗೆ ಬಂದಳು. ಕಟ್ಟಿಟ್ಟ ಚೀಲವನ್ನು ಬಿಚ್ಚಲು ಕೈ ಬರಲಿಲ್ಲ. ಒಬ್ಬಳೇ ಹೊರಟಳು.

ಜೂನ್ ತಿಂಗಳು. ಹಿಮಾಚಲದ ಮನಾಲಿಯಿಂದ ಸ್ಪಿತಿ ಸೀಮೆಯ ಕಾಜಾಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಪಕ್ಕದಲ್ಲಿ ಯಾರೋ ಸ್ಪಿತಿಯ ರೈತ, ಕೂತವನೇ ನಿದ್ದೆ ಹೋದ. ಸ್ವಲ್ಪ ದೂರಕ್ಕೆ ಡಾಂಬರು ಮುಗಿಯಿತು, ಆಮೇಲೆ ಮರಗಳೂ ಮುಗಿದವು. ಒಂದು ತಿರುವಿನಲ್ಲಿ ಇಡೀ ಹಿಮದ ಗೋಡೆಯೇ ಎದುರಿಗೆ ನಿಂತಾಗ ಉಮಾದೇವಿ "ಅಲ್ನೋಡಲೇ!" ಎಂದು ಪಕ್ಕಕ್ಕೆ ತಿರುಗಿಬಿಟ್ಟಳು. ರೈತ ಕಣ್ಣು ತೆರೆದು ಅವಳನ್ನು ನೋಡಿ ಮತ್ತೆ ಮುಚ್ಚಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿದ ನೀರು ರಸ್ತೆಗೆ ಅಡ್ಡವಾಗಿ ಹರಿಯುತ್ತಿತ್ತು. ಅದನ್ನು ದಾಟಿ ಬಂದ ಲಾರಿಗೆ ದಾರಿ ಬಿಡಲು ಬಸ್ಸು ಹಿಂದಕ್ಕೆ ಸರಿಯಬೇಕಾಯಿತು. ಆ ಬಸ್ಸಿನ ಕಂಡಕ್ಟರ್ ಮುಂದೆ ನೀರಿನಲ್ಲಿ ಕಲ್ಲು ಸರಿಸುತ್ತಿದ್ದ. ಹಿಂದೆ ಯಾರೂ ಇರಲಿಲ್ಲ. ಉಮಾದೇವಿ ಯೋಚಿಸಲಿಲ್ಲ. ಇಳಿದು ಹಿಂದೆ ಓಡಿ ಬಸ್ಸಿನ ಮೈಗೆ ಎರಡು ಬಾರಿ ಬಡಿದಳು.

"ಬರ್ಲಿ... ಬರ್ಲಿ... ಎಡಕ್ಕ ಹೊಡೀರಿ... ಹೋಲ್ಡಾನ್!"

ಕನ್ನಡ ಬರದಿದ್ದರೂ ಆ ಕೂಗು, ಬಡಿತ ಚಾಲಕನಿಗೆ ತಿಳಿದವು. ಬಸ್ಸು ನಿಂತಿತು. ಹಿಂದಿನ ಚಕ್ರಕ್ಕೂ ಪ್ರಪಾತದ ಅಂಚಿಗೂ ಒಂದು ಮೊಳ ಉಳಿದಿತ್ತು. ಚಾಲಕ ಕತ್ತು ಹೊರಗೆ ಹಾಕಿ ಹಿಂದಿಯಲ್ಲಿ, ಯಾವ ಡಿಪೋ ಅಕ್ಕಾ, ಎಂದು ಕೇಳಿದ.

"ಮಾನ್ವಿ," ಅಂದಳು. ಅವನಿಗೆ ಅದು ಎಲ್ಲಿದೆಯೆಂದು ಗೊತ್ತಿರಲಿಲ್ಲ. ಆದರೂ ಅವಳನ್ನು ಮುಂದೆ ತನ್ನ ಹತ್ತಿರದ ಸೀಟಿಗೆ ಕರೆದ, ದಾರಿಯಲ್ಲಿ ಬಾತಲ್ ಎಂಬಲ್ಲಿ ತನ್ನ ಜೊತೆಗೇ ಚಹಾ ಕುಡಿಸಿದ. ಕುಂಜುಮ್ ಘಾಟಿಯ ನೆತ್ತಿಯಲ್ಲಿ ಬಸ್ಸು ದೇವಿಯ ಗುಡಿಗೆ ಒಂದು ಸುತ್ತು ಹಾಕಿದಾಗ, ಗಾಳಿಗೆ ಪಟಪಟ ಹೊಡೆದುಕೊಳ್ಳುವ ಬಣ್ಣಬಣ್ಣದ ಬಾವುಟಗಳನ್ನು ನೋಡುತ್ತ ಅವಳೂ ಕೈ ಮುಗಿದಳು.

ಕಾಜಾ ತಲುಪಿದ ಕೂಡಲೇ ವಾಹಿದಾಗೆ ಫೋನ್ ಮಾಡಿದಳು.

"ಹಾಂ, ಹೇಳ... ಏ ತಡಿ, ಕೂಸು ಅಳಾಕತ್ತದ. ಆಮ್ಯಾಲ ಮಾಡ್ತೀನಿ."

ಫೋನನ್ನು ರಜಾಯಿಯ ಮೇಲೆ ಇಟ್ಟುಕೊಂಡು ಕಾದಳು. ಕರೆ ಬರಲಿಲ್ಲ. ಆಮೇಲಿನ ದಿನಗಳಲ್ಲಿ ಅವಳು ಬಸ್ಸು ಬದಲಿಸುತ್ತ ತಾಬೋ, ನಾಕೋ ಊರುಗಳನ್ನು ನೋಡಿದಳು. ಎಲ್ಲ ಕಡೆ ಜನ ಒಳ್ಳೆಯವರೇ, ಆದರೆ ಎಲ್ಲರೂ ಜೋಡಿ, ಗುಂಪು. ನಾಕೋ ಕೆರೆಯ ದಂಡೆಯಲ್ಲಿ, ಮೂರು ದಿನದಿಂದ ಕನ್ನಡ ಆಡೇ ಇಲ್ಲವೆಂದು ಹೊಳೆಯಿತು. "ನೀರು ಭಾಳ ತಣ್ಣಗ ಅದ," ಎಂದು ಗಟ್ಟಿಯಾಗಿ ಹೇಳಿಕೊಂಡಳು. ತನ್ನ ದನಿಯೇ ಕಿವಿಗೆ ಬಿದ್ದದ್ದೇ ತಡ, ಅಳು ಬಂತು. ಅಳು ನಿಲ್ಲುವವರೆಗೂ ಕೂತಿದ್ದು, ಮುಖ ತೊಳೆದುಕೊಂಡು ಎದ್ದಳು.

ಊರಿಗೆ ಬಂದ ಮೇಲೆ ಕೂಸನ್ನು ನೋಡಲು ಹೋದಳು. ಬಸ್ಸು ಹಿಂದಕ್ಕೆ ತೆಗೆಸಿದ ಕತೆ ಕೇಳಿ ವಾಹಿದಾ, "ಖರೇನ? ನಾ ಇರಬೇಕಿತ್ತು," ಅಂದಳು.

"ನೀ ಇದ್ದಿದ್ರ ನೀನೇ ಇಳೀತಿದ್ದಿ. ನಾ ಕುಂತು ನೋಡ್ತಿದ್ದೆ."

"ಮುಂದಿನ ವರ್ಷ ಇಬ್ರೂ ಹೋಗೂಣು, ನೋಡು."

"ನೀ ಬಂದ್ರ ಛಲೋ," ಅಂದಳು ಉಮಾದೇವಿ. "ಬರ್ಲಿಲ್ಲಂದ್ರೂ ನಾ ಹೋಗ್ತೀನಿ."

ವಾಹಿದಾ ತಲೆ ಎತ್ತಿ ನೋಡಿದಳು. ಉಮಾದೇವಿ ಬಿಸಿಲು ಇಳಿಯುವ ಹೊತ್ತಿಗೆ ಮನೆಗೆ ನಡೆದು, ಬೀಗ ತೆಗೆದು, ಒಬ್ಬರಿಗಾಗುವಷ್ಟು ಅನ್ನಕ್ಕಿಟ್ಟಳು.