ಅರಿಶಿನ ಕಟ್ಟೆಯ ಮಹಾಲಕ್ಷ್ಮಮ್ಮ

ಗುಂಡ್ಲುಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ಕೂತು, ಊರಿನವರ ಮಾತನ್ನೆಲ್ಲ ಒಂದು ತೂತಿನಿಂದ ಇನ್ನೊಂದು ತೂತಿಗೆ ಜೋಡಿಸಿದವರು ಮಹಾಲಕ್ಷ್ಮಮ್ಮ. ಯಾರ ಮನೆಯ ಹೆಣ್ಣನ್ನು ಗಂಡು ಒಪ್ಪಿತು, ಯಾರ ಅತ್ತೆ ಸೊಸೆ ಮಾತು ಬಿಟ್ಟರು, ಈರೋಡಿನಲ್ಲಿ ಅರಿಶಿನದ ರೇಟು ಏರಿತೋ ಇಳಿಯಿತೋ, ಎಲ್ಲವೂ ಮೊದಲು ಅವರ ಕಿವಿಗೆ ಬಿದ್ದು ಆಮೇಲೆ ಊರಿಗೆ ಬರುತ್ತಿತ್ತು. ಆದರೆ ಅವರ ಬಾಯಿಂದ ಒಂದು ಮಾತೂ ಆಚೆ ಬಂದದ್ದಿಲ್ಲ. ನಲ್ಲಿಯ ಹತ್ತಿರ ಯಾರಾದರೂ, "ಏನಕ್ಕಾ, ಆ ಮನೆಯೋರ್ಗೆ ಊಟಿಯಿಂದ ಫೋನ್ ಬಂದಿತ್ತಂತಲ್ಲ?" ಎಂದು ಮೆಲ್ಲಗೆ ಕೆಣಕಿದರೆ, "ಬಂದಿರ್ಬೌದು ಕಣವ್ವಾ. ನಿನ್ ಬಿಂದಿಗೆ ತುಂಬ್ತು, ಎತ್ಕೋ" ಎನ್ನುವರು. ಅಷ್ಟೇ.

ಆಮೇಲೆ ತಾನೇ ಜೋಡಿಸಿಕೊಳ್ಳುವ ಯಂತ್ರ ಬಂತು. ತೂತಿಗೆ ವೈರಿನ ಹಗ್ಗ ಚುಚ್ಚುವ ಹಳೆಯ ಬೋರ್ಡನ್ನು ಕಳಚಿ ಲಾರಿಗೆ ಹಾಕಿದರು. ತೊಂಬತ್ತೇಳರಲ್ಲಿ ಮಹಾಲಕ್ಷ್ಮಮ್ಮ ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಪಕ್ಕದ ಮನೆಯಲ್ಲಿ ಫೋನ್ ರಿಂಗಾದರೆ ಕೈ ತಾನಾಗಿ ಮೇಲೇಳುತ್ತಿತ್ತು. ಎರಡು ವರ್ಷ ಹಾಗೇ ಕಳೆಯಿತು.

ಅವರನ್ನು ಎಬ್ಬಿಸಿದವಳು ಫರಹತ್. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಕ್ಲಾಸು ನಡೆಸುತ್ತಿದ್ದ ಇಪ್ಪತ್ತಾರರ ಹುಡುಗಿ. ಅವಳ ತಂದೆ ಹುಸೇನ್ ಸಾಬರು ಅರಿಶಿನದ ವ್ಯಾಪಾರಿ. ಅಪ್ಪನ ಅಂಗಡಿಗೆ ಬರುವ ಬೆಳೆಗಾರರು ಯಾವಾಗಲೂ ಒಂದೇ ಪ್ರಶ್ನೆ ಕೇಳುವುದನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು: ಗೆಡ್ಡೆ ಕೊಳೀತಾ ಅದೆ, ಏನ್ ಹಾಕದು? ಬಿತ್ತನೆ ಯಾರತ್ರ ಅದೆ? ಹೊರದೇಶದ ಯಾವುದೋ ಕಂಪನಿ ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಚರ್ಚೆಯ ಪುಟ ಕೊಡುತ್ತದೆ ಎಂದು ಗೊತ್ತಾದ ಕೂಡಲೇ ಅವಳು ಒಂದು ಪುಟ ತೆರೆದು 'ಅರಿಶಿನ ಕಟ್ಟೆ' ಎಂದು ಹೆಸರಿಟ್ಟಳು. ಒಬ್ಬ ಪ್ರಶ್ನೆ ಬರೆಯುವುದು, ಇನ್ನೊಬ್ಬ ಕೆಳಗೆ ಉತ್ತರ ಬರೆಯುವುದು. ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರದಲ್ಲಿ. ಓದಲು ಬಾರದವರಿಗೆ ಓದಿ ಹೇಳುವವರು ಬೇಕು. ಜಗಳ ಆದರೆ ಬಿಡಿಸುವವರು ಬೇಕು.

"ಅಮ್ಮಾ, ನೀವು ಬಂದ್ಬುಡಿ" ಎಂದಳು ಫರಹತ್. "ಇದೂ ಎಕ್ಸ್‌ಚೇಂಜೇ. ಹಗ್ಗ ಇಲ್ಲ ಅಷ್ಟೆ."

ಮಹಾಲಕ್ಷ್ಮಮ್ಮ ಮರುದಿನವೇ ಸೀರೆಗೆ ಇಸ್ತ್ರಿ ಹಾಕಿಸಿಕೊಂಡು, ಹತ್ತು ಗಂಟೆಗೆ ಸರಿಯಾಗಿ ಡ್ಯೂಟಿಗೆ ಹೋದ ಹಾಗೆ ಹೋದರು. ಹದಿನೈದು ದಿನದಲ್ಲಿ ಕಟ್ಟೆ ಅವರ ಕೈಗೆ ಬಂತು. ಯಾರಾದರೂ ಒರಟಾಗಿ ಬರೆದರೆ ಅಳಿಸಿ, "ಲೈನಲ್ಲಿ ಹೆಂಗಸ್ರು ಅವ್ರೆ, ಮಾತು ನೋಡ್ಕಂಡು ಆಡಿ" ಎಂದು ಬರೆಯುವರು. ಅದಕ್ಕೆ ಎದುರಾಡಿದವರಿಲ್ಲ.

ಕಟ್ಟೆಗೆ ಸೇರಬೇಕಾದರೆ ಒಂದು ಹೆಸರು, ಒಂದು ಪಾಸ್‌ವರ್ಡು. ಪಾಸ್‌ವರ್ಡು ಅಂದರೆ ಗುಟ್ಟಿನ ಮಾತು, ಅದು ನಿಮ್ಮನ್ನು ಬಿಟ್ಟು ಇನ್ನೊಬ್ಬರಿಗೆ ಗೊತ್ತಾಗಬಾರದು ಎಂದು ಫರಹತ್ ವಿವರಿಸಿದಳು. ಬೆಳೆಗಾರರಿಗೆ ಅದು ಬಹಳ ಹಿಡಿಸಿತು. ಒಬ್ಬೊಬ್ಬರೂ ಒಳಗೆ ಬಂದು, ಅತ್ತ ಇತ್ತ ನೋಡಿ, ಮಹಾಲಕ್ಷ್ಮಮ್ಮನ ಕಿವಿಯ ಹತ್ತಿರ ಬಾಗಿ, ಬೀಡಿಯ ವಾಸನೆಯ ಜೊತೆಗೆ ತಮ್ಮ ಗುಟ್ಟನ್ನು ಉಸುರಿದರು. ಅವರು ಯಾವ ಯಾವ ಕೀಲಿ ಒತ್ತಬೇಕೆಂದು ಬೆರಳಿಟ್ಟು ತೋರಿಸಿದರು. ಪರದೆಯ ಮೇಲೆ ಬರೀ ನಕ್ಷತ್ರ ಮೂಡಿತು. ಯಾರಿಗೂ ಕಾಣಲಿಲ್ಲವಲ್ಲ ಎಂದು ಎಲ್ಲರೂ ಹಿಗ್ಗಿದರು.

ಮೊದಲು ಬಂದವನು ಕುದೇರಿನ ಚಿಕ್ಕಬೀರಯ್ಯ. "ಮಾದಪ್ಪ" ಎಂದು ಉಸುರಿದ. ಬೆಟ್ಟದ ಮಾದಪ್ಪನ ಒಕ್ಕಲು, ಬೇರೆ ಏನು ಹೇಳಿಯಾನು? ಎರಡನೆಯವನು ಬಂದ. "ಮಾದಪ್ಪ." ಮೂರನೆಯವನು ಕಾಡಂಚಿನ ಮದ್ದೂರಿನ ಕಡೆಯ ಮೂಗಯ್ಯ. ಬಾಗಿಲು ಮುಚ್ಚಿಸಿ, ಫರಹತ್‌ಳನ್ನು ಆಚೆ ಕಳಿಸಿ, ಯಾರಿಗೂ ಹೊಳೆಯದ ಮಾತು ಎಂಬಂತೆ ಹೇಳಿದ: "ಮಾದಪ್ಪ."

ಮಹಾಲಕ್ಷ್ಮಮ್ಮನಿಗೆ ಇಕ್ಕಟ್ಟಾಯಿತು. ಇದು ಬೇರೆಯವರದು ಎಂದರೆ ಆ ಬೇರೆಯವರ ಗುಟ್ಟು ಹೇಳಿದ ಹಾಗಾಯಿತು. ಇಪ್ಪತ್ತೆಂಟು ವರ್ಷ ಮಾಡದ ಕೆಲಸವನ್ನು ಈಗ ಮಾಡುವುದೇ? ತುಟಿ ಬಿಗಿದು ಕೀಲಿ ತೋರಿಸಿದರು. ಹೀಗೇ ಮೂವತ್ತೊಂದು ಜನ ಬಂದರು. ಹುಸೇನ್ ಸಾಬರೊಬ್ಬರನ್ನು ಬಿಟ್ಟು ಉಳಿದ ಮೂವತ್ತು ಜನರೂ ಮಾದಪ್ಪನನ್ನೇ ನಂಬಿದ್ದರು.

ಅದರಿಂದ ಆದದ್ದು ಇಷ್ಟು.

ಒಂದು ಸಂತೆಯ ದಿನ ಚಿಕ್ಕಬೀರಯ್ಯ ಬಂದು, ತನ್ನ ಹೆಸರು ಹೊಡೆದು, ಕಟ್ಟೆ ನೋಡಿಕೊಂಡು ಹೋದ. ಆ ಪುಟದ ಒಂದು ಗುಣವೆಂದರೆ, ಹಿಂದಿನವರ ಹೆಸರು ಹೆಸರಿನ ಖಾನೆಯಲ್ಲಿ ಹಾಗೇ ಉಳಿಯುತ್ತಿತ್ತು. ಮಹಾಲಕ್ಷ್ಮಮ್ಮ ಊಟಕ್ಕೆ ಹೋಗಿದ್ದರು, ಫರಹತ್ ಇನ್ನೊಂದು ಕಂಪ್ಯೂಟರಿನ ಮುಂದೆ ಪಾಠದಲ್ಲಿದ್ದಳು. ಆಗ ಮೂಗಯ್ಯ ಬಂದ. ಅವನ ಮನೆಯಲ್ಲಿ ಬರುವ ಭಾನುವಾರ ಮಾದಪ್ಪನ ಹೆಸರಲ್ಲಿ ಊಟ ಹಾಕುವುದಿತ್ತು. ಬಾಯಲ್ಲಿ ಯಾರಿಗೂ ಹೇಳದೆ, ಕಟ್ಟೆಯ ಮೇಲೆ ತಾನೇ ಬರೆದು ಎಲ್ಲರನ್ನೂ ಕರೆಯಬೇಕು ಎಂದು ಹಟ ತೊಟ್ಟಿದ್ದ. ಹೆಸರಿನ ಖಾನೆ ತುಂಬಿಯೇ ಇತ್ತು. ತನ್ನದೇ ಇರಬೇಕೆಂದುಕೊಂಡು ಪಾಸ್‌ವರ್ಡು ಒತ್ತಿದ. ಬಾಗಿಲು ತೆರೆಯಿತು. ಅರ್ಧ ಗಂಟೆ ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ, 'ಭಾನುವಾರ ಮಧ್ಯಾಹ್ನ ನಮ್ಮನೆಯಲ್ಲಿ ಊಟ, ಎಲ್ಲರೂ ಬನ್ನಿ' ಎಂದು ಬರೆದು ಕಳಿಸಿದ. ಕಳಿಸಿದ ಮರುಗಳಿಗೆ ಕರೆಂಟು ಹೋಯಿತು. ಮೂಗಯ್ಯ ಮೀಸೆ ನೇವರಿಸಿಕೊಂಡು ಬಸ್ಸು ಹತ್ತಿದ.

ಆ ಮಾತು ಕಟ್ಟೆಯ ಮೇಲೆ ಮೂಡಿದ್ದು ಚಿಕ್ಕಬೀರಯ್ಯನ ಹೆಸರಲ್ಲಿ.

ಭಾನುವಾರ ಇಪ್ಪತ್ತಮೂರು ಜನ ಬಿಳಿ ಪಂಚೆ ಉಟ್ಟು ಕುದೇರಿನಲ್ಲಿ ಬಸ್ಸಿಳಿದರು. ಚಿಕ್ಕಬೀರಯ್ಯನ ಹೆಂಡತಿ ಮಂಗಮ್ಮ ಆಗಷ್ಟೇ ಹಿಂದಿನ ದಿನದ ಸಾರು ಬಿಸಿಗಿಟ್ಟಿದ್ದಳು. "ಇದ್ಯಾಕ್ರಪ್ಪಾ, ಯಾರ್ಗೇನಾಯ್ತು?" ಎಂದು ಗಾಬರಿಯಾದಳು. "ಏನೂ ಆಗಿಲ್ಲ ಕಣವ್ವಾ, ಉಣ್ಣಕ್ಕೆ ಬಂದೋ" ಎಂದರು ಅವರು. ಬಂದವರನ್ನು ಹಸಿದು ಕಳಿಸುವುದುಂಟೇ? ಅವಳು ಅಕ್ಕಪಕ್ಕದ ಮನೆಗಳಿಂದ ರಾಗಿ ಹಿಟ್ಟು ತಂದು ಮುದ್ದೆ ತೊಳಸಿ ತೊಳಸಿ ಭುಜ ನೋಯಿಸಿಕೊಂಡಳು. ಅತ್ತ ಮೂಗಯ್ಯನ ಮನೆಯಲ್ಲಿ ಅವನ ಹೆಂಡತಿ ಪುಟ್ಟಮಾದಮ್ಮ ಕಡಾಯಿ ತುಂಬ ಪಾಯಸ ಇಟ್ಟುಕೊಂಡು ದಾರಿ ನೋಡಿದ್ದೇ ನೋಡಿದ್ದು. ಒಂದು ನರಪಿಳ್ಳೆಯೂ ಬರಲಿಲ್ಲ. ಸಾಯಂಕಾಲಕ್ಕೆ ಕಾಡಿನ ಗಾರ್ಡುಗಳನ್ನೆಲ್ಲ ಕರೆದು ಬಡಿಸಿದರು.

ಮುಂದಿನ ಸಂತೆಯ ದಿನ ಫರಹತ್‌ಳ ಕೋಣೆ ಕಿಕ್ಕಿರಿದಿತ್ತು.

"ನನ್ ಬರವಣ್ಗೆ ಅಳಿಸ್ಬುಟ್ರಿ ನೀವು!" ಎಂದು ಮೂಗಯ್ಯ ಕೂಗಾಡಿದ. "ನನ್ ಹೆಸ್ರಲ್ಲಿ ಒಂದಕ್ಷರ ಇಲ್ಲ ಅಲ್ಲಿ. ನಾನೇನ್ ತಪ್ಪು ಬರ್ದಿದ್ದೆ? ಊಟಕ್ಕೆ ಕರ್ದಿದ್ದೆ!"

ಚಿಕ್ಕಬೀರಯ್ಯ ಕೂಗಲಿಲ್ಲ. ಅವನು ನಿಧಾನವಾಗಿ ಆಡಿದ್ದೇ ಹೆಚ್ಚು ನಾಟಿತು. "ನಾನು ಯಾರ್ನೂ ಊಟಕ್ಕೆ ಕರೀಲಿಲ್ಲ ಕಣಮ್ಮ. ಯಾರೋ ನನ್ ಹೆಸ್ರಲ್ಲಿ ಒಳೀಕ್ಕೋಗಿ ಬರ್ದವ್ರೆ. ನನ್ ಪಾಸ್‌ವರ್ಡು ಗೊತ್ತಿರದು ಇಬ್ರಿಗೆ. ಒಬ್ಬ ನಾನು." ಕೋಣೆಯಲ್ಲಿದ್ದ ಎಲ್ಲರ ಕಣ್ಣೂ ಮಹಾಲಕ್ಷ್ಮಮ್ಮನ ಕಡೆ ಹೋಯಿತು.

ಅವರು ಎದ್ದು ಆಚೆಯ ಬೆಂಚಿನ ಮೇಲೆ ಕೂತರು. ಬದುಕಿನಲ್ಲಿ ಅವರು ಗಳಿಸಿದ್ದು ಅದೊಂದೇ ಹೆಸರು: ಮಹಾಲಕ್ಷ್ಮಮ್ಮನ ಕಿವಿಗೆ ಹಾಕಿದ್ದು ಆಚೆ ಬರುವುದಿಲ್ಲ ಎಂಬುದು. ಇವತ್ತು ಅದೂ ಹೋದರೆ ಮನೆಗೆ ಯಾವ ಮುಖ ಹೊತ್ತು ಹೋಗುವುದು?

ಫರಹತ್ ಹಿಂದೆಯೇ ಬಂದಳು. "ಅಮ್ಮಾ, ನಿಮ್ಗೆ ಏನೋ ಗೊತ್ತು. ಹೇಳ್ಬುಡಿ, ಮುಗೀತದೆ."

"ಹೇಳಿದ್ರೆ ನನ್ ಹೆಸ್ರು ಉಳೀತದೆ ಕಣಮ್ಮಿ, ನನ್ ಕೆಲ್ಸ ಹೋಯ್ತದೆ" ಎಂದರು ಅವರು.

"ಅಂದ್ರೆ?"

"ಅಂದ್ರೆ ಒಬ್ರ ಗುಟ್ಟು ಹೇಳಿ ನಾನು ಒಳ್ಳೇವ್ಳಾಗದು ಬ್ಯಾಡ. ಒಂದ್ ಲೋಟ ನೀರ್ ಕೊಡು."

ನೀರು ಕುಡಿಯುತ್ತ ಅವರಿಗೆ ಹಳೆಯ ಬೋರ್ಡು ನೆನಪಾಯಿತು. ಎರಡು ಲೈನು ಅಡ್ಡ ಹತ್ತಿಕೊಂಡಾಗ ಅವರು ಯಾರ ಮಾತನ್ನೂ ಯಾರಿಗೂ ಹೇಳುತ್ತಿರಲಿಲ್ಲ. ಈ ಕಡೆಯವರಿಂದ ಆ ಕಡೆಯ ನಂಬರಿಗೆ ಫೋನ್ ಮಾಡಿಸಿ, ಗಂಟೆ ಯಾರ ಮನೆಯಲ್ಲಿ ಹೊಡೆಯುತ್ತದೆ ಎಂದು ನೋಡುವರು. ಲೈನೇ ತನ್ನ ತಪ್ಪು ಹೇಳಿಕೊಳ್ಳುತ್ತಿತ್ತು. ಲೋಟ ಕೆಳಗಿಟ್ಟು ಎದ್ದರು.

"ಮೂಗಯ್ಯ, ಬಾಪ್ಪ ಇಲ್ಲಿ. ಕೂತ್ಕೋ. ಹೆಸ್ರಿನ ಜಾಗದಲ್ಲಿ ಚಿಕ್ಕಬೀರಯ್ಯನ ಹೆಸ್ರು ಹೊಡೀತೀನಿ ನಾನು. ನೀನು ನಿನ್ ಪಾಸ್‌ವರ್ಡು ಒತ್ತು. ನಿಂದೇ. ಯಾರ್ಗೂ ಹೇಳ್ಬೇಡ."

"ಅವ್ನ ಬಾಗ್ಲಿಗೆ ನನ್ ಬೀಗದ ಕೈ ಆಯ್ತದಾ ಅಮ್ಮಾ?" ಎಂದು ಮೂಗಯ್ಯ ನಕ್ಕ.

"ಒತ್ತಿ ನೋಡು."

ಮೂಗಯ್ಯ ಎಡಗೈ ಅಡ್ಡ ಹಿಡಿದು ಬಲಗೈ ಬೆರಳಲ್ಲಿ ಒತ್ತಿದ. ನಕ್ಷತ್ರ ಮೂಡಿತು. ಮೋಡೆಮ್ಮು ಕಿಚಿಕಿಚಿ ಎಂದಿತು. ಪುಟ ತೆರೆದೇ ತೆರೆಯಿತು: 'ಚಿಕ್ಕಬೀರಯ್ಯನವರಿಗೆ ಸ್ವಾಗತ'. ಅದರ ಕೆಳಗೇ ಊಟದ ಆ ಕರೆಯೂ ಇತ್ತು. ಫರಹತ್ ಗಟ್ಟಿಯಾಗಿ ಓದಿದಳು.

"ಅಯ್ಯಯ್ಯೋ! ಅದು ನಂದು ಕಣ್ರಯ್ಯಾ!" ಮೂಗಯ್ಯ ಕುರ್ಚಿಯಿಂದ ಜಿಗಿದ. "ಇದೇ ಊಟ! ನಮ್ ಅಟ್ಟೀದು, ನಮ್ ಮನೇದು! ನಿನ್ ಅಟ್ಟೀಗ್ ಯಾಕೋಯ್ತು?"

ಚಿಕ್ಕಬೀರಯ್ಯ ಪರದೆಯನ್ನೂ ಮೂಗಯ್ಯನನ್ನೂ ನೋಡಿದ. "ನಿಂದು... ನಿನ್ ಪಾಸ್‌ವರ್ಡು..." ಎಂದು ತಡವರಿಸಿದ. ಆಮೇಲೆ ತಾನೇ ಹೋಗಿ ಕೂತು, ಮೂಗಯ್ಯನ ಹೆಸರು ಹೊಡೆಸಿ, ತನ್ನ ಗುಟ್ಟು ಒತ್ತಿದ. ಅದೂ ತೆರೆಯಿತು. ಮೂರನೆಯವನು ತಡೆಯಲಾರದೆ ಬಂದು ಕೂತ. ನಾಲ್ಕನೆಯವನು ಅವನನ್ನು ತಳ್ಳಿ ಕೂತ. ಒಬ್ಬರ ಬಾಗಿಲನ್ನು ಇನ್ನೊಬ್ಬರು ತೆರೆದು ತೆರೆದು, ಹತ್ತು ನಿಮಿಷದಲ್ಲಿ ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡಿತು.

"ಎಲ್ರೂ ಮಾದಪ್ಪನ್ನೇ ಇಟ್ಕಂಡಿದ್ದೀರೇನ್ರಪ್ಪಾ!"

"ನೀನೇನ್ ಇಟ್ಕಂಡಿದ್ದೆ, ಬೇರೆ ದೇವ್ರನ್ನಾ?"

"ನಾನು ಬಾಗ್ಲಾಕ್ಸಿ ಹೇಳಿದ್ದೆ ಕಣ್ಲಾ!" ಎಂದ ಮೂಗಯ್ಯ. ಅದನ್ನು ಕೇಳಿ ಇನ್ನೊಂದು ಸುತ್ತು ನಗೆ ಎದ್ದಿತು.

"ಅಂದ್ರೆ ಪಾಯಸ ನಿಮ್ಮಟ್ಟೀಲಿ, ನಮ್ ಮಂಗಿ ಮುದ್ದೆ ತೊಳ್ಸದು ನಮ್ಮಟ್ಟೀಲಿ" ಎಂದು ಚಿಕ್ಕಬೀರಯ್ಯ ಕಣ್ಣೊರೆಸಿಕೊಂಡ. ಆಮೇಲೆ ಅವನ ನಗು ನಿಂತಿತು. ಮಹಾಲಕ್ಷ್ಮಮ್ಮನ ಮುಂದೆ ಬಂದು ತಲೆಯ ಟವೆಲ್ಲು ತೆಗೆದ. "ಅಮ್ಮಾ, ನಿಮ್ಗೆ ಮೊದ್ಲಿಂದ್ಲೂ ಗೊತ್ತಿತ್ತು."

"ನನ್ಗೇನ್ ಗೊತ್ತಪ್ಪಾ" ಎಂದರು ಅವರು.

"ಒಂದ್ ಮಾತು ಅಂದಿದ್ರೆ ನಾನು ಅಂಗೆಲ್ಲಾ ಆಡ್ತಿರ್ಲಿಲ್ಲ. ಮೂವತ್ತು ಜನ್ರ ಮುಂದೆ ನಿಮ್ಮ ತಲೆ ತಗ್ಸಿಸ್ಬುಟ್ಟೆ, ಆದ್ರೂ ನೀವು ಬಾಯ್ ಬುಡ್ಲಿಲ್ಲ. ತಪ್ಪಾಯ್ತು ಕಣಮ್ಮಾ." ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದ. ಮಹಾಲಕ್ಷ್ಮಮ್ಮನ ಕಣ್ಣು ತುಂಬಿಕೊಂಡಿತು, ಆದರೆ ಮುಖದ ತುಂಬ ಬೆಳಕಿತ್ತು.

ಫರಹತ್ ಆಗ ತನ್ನ ಮೇಜಿನಿಂದ ಒಂದು ಸಿ.ಡಿ. ತೆಗೆದಳು. ಕಂಪ್ಯೂಟರ್ ಪತ್ರಿಕೆಯ ಜೊತೆಗೆ ಬಂದದ್ದು. ಅದರಲ್ಲಿ ಒಂದು ಪುಟ್ಟ ಪ್ರೋಗ್ರಾಮು ಇತ್ತು: ಎಲ್ಲರ ಪಾಸ್‌ವರ್ಡುಗಳನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಬೀಗ ಜಡಿಯುವುದು. ಡಬ್ಬಿಗೆ ಒಂದೇ ದೊಡ್ಡ ಪಾಸ್‌ವರ್ಡು. ಅದು ಯಾರಿಗೆ ಗೊತ್ತೋ ಅವರೊಬ್ಬರೇ ತೆರೆಯಬಹುದು. ಮರೆತು ಬಂದವರಿಗೆ ಅವರದನ್ನು ತೆಗೆದು ತೋರಿಸಬಹುದು.

"ಆ ದೊಡ್ಡದು ಯಾರತ್ರ ಇರ್ಬೇಕು?" ಎಂದು ಅವಳು ಕೇಳಿದಳು. ಕೇಳಬೇಕಾಗಿರಲಿಲ್ಲ, ಎಲ್ಲರೂ ಒಂದೇ ಕಡೆ ಕೈ ತೋರಿಸುತ್ತಿದ್ದರು.

ಫರಹತ್ ಗೋಡೆಯ ಕಡೆ ತಿರುಗಿ ನಿಂತಳು. ಮಹಾಲಕ್ಷ್ಮಮ್ಮ ಡಬ್ಬಿಗೆ ಬೀಗ ಹಾಕಿದರು. ಆಮೇಲೆ ಎಲ್ಲರೂ ಹೊಸ ಗುಟ್ಟು ಹೇಳಲು ಸಾಲಾಗಿ ನಿಂತರು. ಮೊದಲು ಚಿಕ್ಕಬೀರಯ್ಯ ಬಾಗಿ ಕಿವಿಯಲ್ಲಿ ಏನೋ ಹೇಳಿದ.

"ಇದು ಬ್ಯಾಡ. ಬೇರೆ ಹೇಳು" ಎಂದರು ಅವರು.

"ಯಾಕಮ್ಮಾ, ಇದು ಯಾರ್ದಾರಾ...?"

"ಯಾಕೂ ಇಲ್ಲ. ಬೇರೆ."

ಅವನು ಸ್ವಲ್ಪ ಹೊತ್ತು ಕತ್ತು ಕೆರೆದುಕೊಂಡು ಬೇರೆ ಹೇಳಿದ. ಎರಡನೆಯವನಿಗೂ ಅವರು ಅದನ್ನೇ ಅಂದರು. ಮೂರನೆಯವನಿಗೂ ಅದೇ. ಸಾಲಿನಲ್ಲಿದ್ದ ಒಬ್ಬೊಬ್ಬನಿಗೂ, ಚೆನ್ನಾಗಿರಲಿ ಕೆಟ್ಟಿರಲಿ, ಬೇರೆಯವರದಾಗಿರಲಿ ಇಲ್ಲದಿರಲಿ, ಮೊದಲನೆಯ ಮಾತು ಬೇಡವೇ ಬೇಡ. ಎರಡನೆಯದೋ ಮೂರನೆಯದೋ ಡಬ್ಬಿಗೆ ಬಿತ್ತು. ಹುಸೇನ್ ಸಾಬರನ್ನೂ ಬಿಡಲಿಲ್ಲ. ಎಲ್ಲರಿಗೂ ಬೇಡ ಎಂದ ಮೇಲೆ ಯಾರದು ಯಾರಿಗೆ ಸೇರಿತ್ತು ಎಂದು ತಿಳಿಯುವುದಾದರೂ ಹೇಗೆ?

ಕೊನೆಗೆ ಉಳಿದವನು ಮೂಗಯ್ಯ. ಉಸುರಿದ, ಬೇಡ ಎನಿಸಿಕೊಂಡ. ಮತ್ತೆ ಉಸುರಿದ, ಮತ್ತೆ ಬೇಡ.

"ಇದು ಭಾಳ ಚೆಂದಾಗಿತ್ತು ಕಣಮ್ಮಾ! ರಾತ್ರಿಯೆಲ್ಲಾ ಕುಂತ್ರೂ ಇನ್ನೊಂದು ಹೊಳೆಯಕಿಲ್ಲ ನನ್ಗೆ!"

"ಕೂತ್ಕೋ ಅಂಗಾರೆ. ನನಗೇನೂ ಆತುರ ಇಲ್ಲ" ಎಂದು ಮಹಾಲಕ್ಷ್ಮಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಕಿವಿಯನ್ನು ಅವನ ಕಡೆ ಕೊಟ್ಟು ಕೂತರು.